ಎಂಡ್ಯೂರೆನ್ಸ್ ರೈಡ್‌ಗೆ ವೆಟ್ ಆಗಿ ಹೊರಟಿದ್ದೀರಾ? ಕುದುರೆಗೂ ಸವಾರರಿಗೂ ನೀವು ಮಾಡಬೇಕಾದ್ದು

ಎಂಡ್ಯೂರೆನ್ಸ್ ರೈಡ್ ಅಂದರೆ ಕುದುರೆ ಸವಾರಿಯಲ್ಲಿ ಬಹಳ ದೂರ ಕ್ರಮಿಸುವ ಸ್ಪರ್ಧೆ. ಅಲ್ಲಿ ಮೊದಲು ಗೆರೆ ದಾಟಿದ ಕುದುರೆಯೇ ಗೆದ್ದಿತು ಎಂದು ಹೇಳುವ ಹಾಗಿಲ್ಲ. ಗೆರೆ ದಾಟಿದ ಮೇಲೂ ಪಶುವೈದ್ಯರು, ಅಂದರೆ ವೆಟ್, ಅದನ್ನು ನೋಡಬೇಕು. ಇದು ಇನ್ನೂ ಮುಂದೆ ಹೋಗುವ ಸ್ಥಿತಿಯಲ್ಲಿದೆ ಎಂದು ಒಪ್ಪಬೇಕು. ಒಪ್ಪದಿದ್ದರೆ ಬಂದ ದೂರ ಲೆಕ್ಕಕ್ಕಿಲ್ಲ. ಆಟದ ಫಲಿತಾಂಶವೇ ವೆಟ್ ಕೈಯಲ್ಲಿರುವುದು ಅಪರೂಪ. ಇಲ್ಲಿ ಅದೇ ನಿಯಮ.

ಈ ಆಟದ ಈಗಿನ ರೂಪ ಬೆಳೆದದ್ದು ಕ್ಯಾಲಿಫೋರ್ನಿಯಾದಲ್ಲಿ. 1955ರಲ್ಲಿ ಆಬರ್ನ್ ಊರಿನ ವೆಂಡೆಲ್ ರೋಬಿ ಮತ್ತು ಕೆಲವು ಗೆಳೆಯರು ಟಾಹೋ ಸರೋವರದ ಕಡೆಯಿಂದ ಸಿಯೆರ್ರಾ ನೆವಾಡಾ ಬೆಟ್ಟಗಳನ್ನು ದಾಟಿ ಆಬರ್ನ್‌ವರೆಗೆ ಒಂದೇ ದಿನದಲ್ಲಿ 100 ಮೈಲಿ, ಅಂದರೆ ಸುಮಾರು 160 ಕಿ.ಮೀ., ಸವಾರಿ ಮಾಡಿದರು. ಅದೇ ಈಗಿನ ಟೆವಿಸ್ ಕಪ್. ಹೊರಟ ಕುದುರೆಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಅಲ್ಲಿ ಮುಗಿಸುತ್ತವೆ. 1972ರಲ್ಲಿ ಅಮೆರಿಕನ್ ಎಂಡ್ಯೂರೆನ್ಸ್ ರೈಡ್ ಕಾನ್ಫರೆನ್ಸ್ ಶುರುವಾಯಿತು. ಎಲ್ಲರೂ ಎಇಆರ್‌ಸಿ ಅನ್ನುತ್ತಾರೆ. ‘ಮುಗಿಸಿದರೆ ಗೆದ್ದಂತೆ’ ಎಂಬುದು ಅದರ ಘೋಷವಾಕ್ಯ. ಅಂತರರಾಷ್ಟ್ರೀಯ ಸ್ಪರ್ಧೆಗಳಿಗೆ ಎಫ್‌ಇಐ, ಅಂದರೆ ಅಂತರರಾಷ್ಟ್ರೀಯ ಕುದುರೆ ಕ್ರೀಡಾ ಒಕ್ಕೂಟದ, ನಿಯಮ ಬೇರೆ ಇದೆ. ಭಾರತದಲ್ಲಿ ಈಕ್ವೆಸ್ಟ್ರಿಯನ್ ಫೆಡರೇಷನ್ ನೋಡಿಕೊಳ್ಳುತ್ತದೆ.

ಈ ಲೇಖನ ಮೊದಲ ಸಲ ಇಂಥ ರೈಡ್‌ಗೆ ವೆಟ್ ಆಗಿ ಹೋಗುವವರಿಗೆ. ಹೆಬ್ಬಾಳದಲ್ಲೋ ಬೀದರಿನಲ್ಲೋ ಓದಿ, ಈಗ ಅಮೆರಿಕದಲ್ಲೋ ಗಲ್ಫ್‌ನಲ್ಲೋ ಇರುವವರು ಇರಬಹುದು. ಹಸು ಎಮ್ಮೆ ನೋಡಿಯೇ ಅಭ್ಯಾಸ ಜಾಸ್ತಿ ಅಂತ ಹಿಂಜರಿಯಬೇಡಿ. ಕಣ್ಣು, ಕೈ, ಸ್ಟೆತಾಸ್ಕೋಪ್ ಇಷ್ಟರಿಂದಲೇ ಇಲ್ಲಿ ಬಹಳಷ್ಟು ಕೆಲಸ ನಡೆಯುತ್ತದೆ. ಸವಾರರು ಓದಿದರೂ ಲಾಭವೇ. ವೆಟ್ ಏನು ನೋಡುತ್ತಾರೆ ಅನ್ನುವುದು ಗೊತ್ತಾದರೆ ಹೆದರಿಕೆ ಕಮ್ಮಿ ಆಗುತ್ತದೆ. ನಾನು ಉದಾಹರಣೆಗೆ ಇಟ್ಟುಕೊಂಡಿರುವುದು ಎಇಆರ್‌ಸಿ ಪದ್ಧತಿಯ 50 ಮೈಲಿ ರೈಡ್. ಅದನ್ನು ಮುಗಿಸಲು 12 ಗಂಟೆ ಸಮಯ ಇರುತ್ತದೆ. 100 ಮೈಲಿಗೆ 24 ಗಂಟೆ.

ಒಪ್ಪಿಕೊಳ್ಳುವ ಮೊದಲು ಕೇಳಬೇಕಾದ್ದು

ರೈಡ್ ಮ್ಯಾನೇಜರ್ ಫೋನ್ ಮಾಡಿದ ಕೂಡಲೇ ಹೂಂ ಅನ್ನಬೇಡಿ. ಎಷ್ಟು ಕುದುರೆ ಬರುತ್ತವೆ, ಎಷ್ಟು ವೆಟ್‌ಗಳಿದ್ದಾರೆ, ದಾರಿ ಮಧ್ಯೆ ಕುದುರೆಗಳನ್ನು ನಿಲ್ಲಿಸಿ ಪರೀಕ್ಷಿಸುವ ಒಂದೊಂದು ಚೆಕ್‌ಪಾಯಿಂಟ್‌ಗೂ ಗಾಡಿ ಹೋಗುವ ದಾರಿ ಇದೆಯೇ ಎಂದು ಕೇಳಿ. ಮೊದಲ ಚೆಕ್‌ಗೆ ಕುದುರೆಗಳೆಲ್ಲ ಗುಂಪಾಗಿ ಬಂದು ಬೀಳುತ್ತವೆ. ಆಗ ವೆಟ್‌ಗಳು ಸಾಲದಿದ್ದರೆ ಪರೀಕ್ಷೆ ಅವಸರದ್ದಾಗುತ್ತದೆ. ಅವಸರದ ಪರೀಕ್ಷೆ ಯಾರಿಗೂ ಒಳ್ಳೆಯದಲ್ಲ.

ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. ಚಿಕಿತ್ಸೆಗೆ ಬೇರೆ ವೆಟ್ ಇದ್ದಾರೆಯೇ? ರೈಡ್‌ನಲ್ಲಿ ಎರಡು ಕೆಲಸ ಇವೆ. ಒಂದು, ಕುದುರೆ ಮುಂದೆ ಹೋಗಬಹುದೇ ಎಂದು ತೀರ್ಮಾನಿಸುವುದು. ಈ ಕೆಲಸ ಮಾಡುವ ವೆಟ್‌ ಅನ್ನು ಕಂಟ್ರೋಲ್ ಜಡ್ಜ್ ಅನ್ನುತ್ತಾರೆ. ಇನ್ನೊಂದು, ಕಾಯಿಲೆ ಬಿದ್ದ ಕುದುರೆಗೆ ಮದ್ದು ಮಾಡುವುದು. ಸಣ್ಣ ರೈಡ್‌ಗಳಲ್ಲಿ ಎರಡೂ ಒಬ್ಬರ ತಲೆಗೇ ಬರುತ್ತದೆ. ಒಂದು ಕುದುರೆಗೆ ಡ್ರಿಪ್ ಹಾಕುತ್ತಾ ನಿಂತರೆ ಸಾಲಿನಲ್ಲಿ ಕಾಯುತ್ತಿರುವ ಉಳಿದವುಗಳನ್ನು ಯಾರು ನೋಡುತ್ತಾರೆ? ಇದಕ್ಕೆ ಉತ್ತರ ಸಿಗದಿದ್ದರೆ ಆ ರೈಡ್‌ಗೆ ಹೋಗದಿರುವುದೇ ವಾಸಿ ಎಂಬುದು ನನ್ನ ಅಭಿಪ್ರಾಯ.

ಹಣದ ಮಾತನ್ನೂ ಮೊದಲೇ ಮುಗಿಸಿ. ಚಿಕಿತ್ಸೆಯ ಖರ್ಚು ಮಾಲೀಕರದ್ದು ಎಂದಾದರೆ ಅದು ಪ್ರವೇಶ ಪತ್ರದಲ್ಲೇ ಬರೆದಿರಲಿ. ಒಪ್ಪಿಗೆ ಸಹಿಯೂ ಅಲ್ಲೇ ಇರಲಿ. ರಾತ್ರಿ ಎರಡು ಗಂಟೆಗೆ ಹೊಟ್ಟೆನೋವಿನ ಕುದುರೆ ಎದುರಿಗಿದ್ದಾಗ, ದುಡ್ಡು ಯಾರು ಕೊಡುತ್ತಾರೆ ಎಂದು ಚರ್ಚೆ ಮಾಡುವ ಸ್ಥಿತಿ ಬರಬಾರದು. ಹತ್ತಿರದ ದೊಡ್ಡ ಆಸ್ಪತ್ರೆ ಯಾವುದು, ಅಲ್ಲಿಗೆ ಟ್ರೈಲರ್ ಓಡಿಸುವವರು ಯಾರು ಅನ್ನುವುದೂ ಬರೆದು ಇಟ್ಟುಕೊಳ್ಳಿ. ನಿಮ್ಮದೇ ಗಿರಾಕಿಯ ಕುದುರೆ ಅಥವಾ ಮನೆಯವರ ಕುದುರೆ ಓಡುತ್ತಿದ್ದರೆ ಅದನ್ನು ಬೇರೆ ವೆಟ್ ನೋಡಲಿ. ಎಷ್ಟೇ ಪ್ರಾಮಾಣಿಕವಾಗಿ ನೋಡಿದರೂ ಜನ ಮಾತಾಡುತ್ತಾರೆ ಅಲ್ವಾ?

ಹಿಂದಿನ ಸಂಜೆ

ಹಿಂದಿನ ದಿನ ಎಲ್ಲ ಕುದುರೆಗಳನ್ನೂ ಒಮ್ಮೆ ನೋಡಿ ಒಳಗೆ ಬಿಡುತ್ತೀರಿ. ಇದನ್ನು ವೆಟ್ ಇನ್ ಅನ್ನುತ್ತಾರೆ. ಸುಮ್ನೆ ಶಾಸ್ತ್ರಕ್ಕೆ ಮಾಡುವ ಕೆಲಸ ಎಂದುಕೊಳ್ಳಬೇಡಿ. ನಾಳೆ ನೀವು ಹೋಲಿಸಿ ನೋಡುವುದು ಇವತ್ತಿನ ಅಂಕಿಗಳ ಜೊತೆಗೆ. ವಿಶ್ರಾಂತಿಯಲ್ಲಿರುವ ಕುದುರೆಯ ಹೃದಯ ನಿಮಿಷಕ್ಕೆ 28ರಿಂದ 44 ಸಲ ಬಡಿಯುತ್ತದೆ. ಉಸಿರು 8ರಿಂದ 16. ಗುದದ ಉಷ್ಣಾಂಶ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಒಳಗೆ. ಬೆನ್ನಿನ ಮೇಲಿನ ಹಳೇ ಗಾಯ, ಕಾಲಿನ ಊತ, ಸಡಿಲವಾದ ಲಾಳ ಎಲ್ಲವನ್ನೂ ಆ ಕುದುರೆಯ ಪರೀಕ್ಷಾ ಕಾರ್ಡ್‌ನಲ್ಲಿ ಬರೆಯಿರಿ. ಬರೆಯದಿದ್ದರೆ ನಾಳೆ ಅದು ಹಳೆಯದೋ ಹೊಸದೋ ಗೊತ್ತಾಗುವುದಿಲ್ಲ.

ಚೆನ್ನಾಗಿ ಪಳಗಿದ ಕುದುರೆಯ ಎದೆಗೆ ಸ್ಟೆತಾಸ್ಕೋಪ್ ಇಟ್ಟರೆ ಮಧ್ಯೆ ಮಧ್ಯೆ ಒಂದು ಬಡಿತ ತಪ್ಪಿದ ಹಾಗೆ ಕೇಳಬಹುದು. ಗಾಬರಿ ಬೇಡ. ವಿಶ್ರಾಂತಿಯಲ್ಲಿ ಇದು ಎಷ್ಟೋ ಕುದುರೆಗಳಿಗೆ ಸಹಜ. ಸ್ವಲ್ಪ ಓಡಿಸಿ ಮತ್ತೆ ಕೇಳಿ. ಮಾಯವಾಗಿರಬೇಕು. ಆಗದಿದ್ದರೆ ಯೋಚಿಸಿ.

ವಯಸ್ಸೂ ನೋಡಿ. ಎಇಆರ್‌ಸಿಯಲ್ಲಿ 50 ಮೈಲಿಗೆ ಕುದುರೆಗೆ ಕನಿಷ್ಠ 60 ತಿಂಗಳು ತುಂಬಿರಬೇಕು.

ಆಮೇಲೆ ಸವಾರರ ಸಭೆ. ನಿಮಗೆ ಹತ್ತು ನಿಮಿಷ ಕೊಡುತ್ತಾರೆ. ಇಡೀ ರೈಡ್‌ನಲ್ಲಿ ಸವಾರರಿಗೆ ನೀವು ಮಾಡುವ ಅತಿ ದೊಡ್ಡ ಉಪಕಾರ ಈ ಹತ್ತು ನಿಮಿಷದಲ್ಲೇ ಆಗುತ್ತದೆ. ಪಲ್ಸ್ ಎಷ್ಟಕ್ಕೆ ಇಳಿಯಬೇಕು (ಸಾಮಾನ್ಯವಾಗಿ 60 ಅಥವಾ 64), ಎಷ್ಟು ನಿಮಿಷದೊಳಗೆ ಇಳಿಯಬೇಕು, ಯಾವ ಚೆಕ್‌ನಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತೀರಿ, ಯಾವ ಚೆಕ್‌ಗೆ ಜೀನು ಇಳಿಸಿ ತರಬೇಕು, ದಾರಿಯಲ್ಲಿ ನೀರು ಎಲ್ಲೆಲ್ಲಿದೆ, ನಾಳೆ ಬಿಸಿಲು ಹೇಗಿರುತ್ತದೆ, ಎಲ್ಲವನ್ನೂ ಸ್ಪಷ್ಟವಾಗಿ ಹೇಳಿ. ನಿಯಮ ಇವತ್ತು ಹೇಳಿ, ನಾಳೆ ಮಧ್ಯದಲ್ಲಿ ಬದಲಾಯಿಸಬೇಡಿ. ಬಿಸಿಲು ಏರಿದ್ದಕ್ಕೆ ಬಿಗಿ ಮಾಡಲೇಬೇಕಾಗಿ ಬಂದರೆ ಆಟದಲ್ಲಿರುವ ಎಲ್ಲರಿಗೂ ತಿಳಿಸಿ ಮಾಡಿ.

ಸಭೆ ಮುಗಿದ ಮೇಲೆ ವೆಟ್‌ಗಳೆಲ್ಲ ಸೇರಿ ಒಂದೆರಡು ಕುದುರೆಗಳನ್ನು ಒಟ್ಟಿಗೆ ನೋಡಿ, ಯಾರು ಯಾವ ಗ್ರೇಡ್ ಕೊಡುತ್ತಾರೆ ಎಂದು ಹೋಲಿಸಿಕೊಳ್ಳಿ. ಒಬ್ಬರ ‘ಎ’ ಇನ್ನೊಬ್ಬರ ‘ಬಿ’ ಆದರೆ ಸವಾರರು ಸುಲಭದ ವೆಟ್ ಯಾರು ಎಂದು ಹುಡುಕಿಕೊಂಡು ಸಾಲು ಬದಲಾಯಿಸುತ್ತಾರೆ. ಅದು ಅವರ ತಪ್ಪಲ್ಲ, ನಮ್ಮದು.

ಪಲ್ಸ್ ಎಣಿಸುವ ಸ್ವಯಂಸೇವಕರಿಗೂ ಅದೇ ಸಂಜೆ ಕಲಿಸಿ. ಎಡ ಮೊಣಕೈ ಹಿಂದೆ, ಜೀನಿನ ಪಟ್ಟಿ ಬರುವ ಜಾಗದಲ್ಲಿ ಸ್ಟೆತಾಸ್ಕೋಪ್. ಲಬ್-ಡಬ್ ಎರಡೂ ಸೇರಿ ಒಂದು ಬಡಿತ. ಹೊಸಬರು ಎರಡಾಗಿ ಎಣಿಸುತ್ತಾರೆ, ಆಗ 56 ಇದ್ದದ್ದು 112 ಆಗುತ್ತದೆ! ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಕು. ಕ್ಯಾಲಿಫೋರ್ನಿಯಾದ ಬೇ ಏರಿಯಾ ಕನ್ನಡಿಗರಲ್ಲಿ ಕುದುರೆ ಇಷ್ಟಪಡುವವರಿದ್ದರೆ ಈ ಕೆಲಸಕ್ಕೆ ಸೇರಿಕೊಳ್ಳಬಹುದು. ಸವಾರಿ ಬರದಿದ್ದರೂ ನಡೆಯುತ್ತದೆ. ರೈಡ್‌ಗಳಲ್ಲಿ ಸ್ವಯಂಸೇವಕರು ಯಾವಾಗಲೂ ಕಡಿಮೆಯೇ.

ವೆಟ್ ಚೆಕ್: ಮೊದಲು ಪಲ್ಸ್

ಬಹುತೇಕ ಕಡೆ ಈಗ ‘ಗೇಟ್ ಇನ್ಟು ಹೋಲ್ಡ್’ ಪದ್ಧತಿ. ಕುದುರೆ ಬಂದ ಕೂಡಲೇ ವಿಶ್ರಾಂತಿಯ ಗಡಿಯಾರ ಶುರುವಾಗುವುದಿಲ್ಲ. ಪಲ್ಸ್ ಹೇಳಿದ ಮಟ್ಟಕ್ಕೆ ಇಳಿದಾಗ ಶುರುವಾಗುತ್ತದೆ. ಹಾಗಾಗಿ ಜೋರಾಗಿ ಓಡಿಸಿಕೊಂಡು ಬಂದವರಿಗೆ ಲಾಭ ಇಲ್ಲ. ಕುದುರೆ ತಣ್ಣಗಾಗುವವರೆಗೆ ಕಾಯಲೇಬೇಕು. ಎಇಆರ್‌ಸಿಯಲ್ಲಿ 30 ನಿಮಿಷದೊಳಗೆ ಪಲ್ಸ್ ಇಳಿಯದಿದ್ದರೆ ಕುದುರೆ ಹೊರಗೆ. ಎಫ್‌ಇಐ ಸ್ಪರ್ಧೆಗಳಲ್ಲಿ ಸಮಯ ಇನ್ನೂ ಕಮ್ಮಿ.

ಪಲ್ಸ್ ಎಷ್ಟಕ್ಕೆ ಇಳಿಯಿತು ಅನ್ನುವುದರ ಜೊತೆಗೆ ಎಷ್ಟು ಬೇಗ ಇಳಿಯಿತು ಅನ್ನುವುದನ್ನೂ ನೋಡಿ. ಬಂದ ಐದು ನಿಮಿಷಕ್ಕೆ 60 ಮುಟ್ಟಿದ ಕುದುರೆಯೂ, 28ನೇ ನಿಮಿಷಕ್ಕೆ ಹೇಗೋ 60 ಮುಟ್ಟಿದ ಕುದುರೆಯೂ ಕಾರ್ಡ್‌ನಲ್ಲಿ ಒಂದೇ ಥರ ಕಾಣುತ್ತವೆ. ಎರಡೂ ಒಂದೇ ಅಲ್ಲ. ಎರಡನೆಯದಕ್ಕೆ ನೋವಿರಬಹುದು, ನೀರು ಕಮ್ಮಿಯಾಗಿರಬಹುದು, ಮೈ ಬಿಸಿ ಇಳಿಯದೆ ಇರಬಹುದು.

ಮೂತಿಯಿಂದ ಬಾಲದವರೆಗೆ

ಒಂದೇ ಕ್ರಮದಲ್ಲಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಕ್ರಮ ತಪ್ಪಿದರೆ ಏನಾದರೂ ಬಿಟ್ಟುಹೋಗುತ್ತದೆ, ಅದೂ ಮಧ್ಯಾಹ್ನದ ಹೊತ್ತಿಗೆ ನೀವೇ ಸುಸ್ತಾಗಿರುವಾಗ.

ತುಟಿ ಎತ್ತಿ ಒಸಡು ನೋಡಿ. ತಿಳಿ ಗುಲಾಬಿ ಬಣ್ಣ, ಒದ್ದೆ, ಜಾರುವ ಹಾಗಿದ್ದರೆ ಸರಿ. ಬೆರಳಲ್ಲಿ ಒತ್ತಿ ಬಿಟ್ಟರೆ ಎರಡು ಸೆಕೆಂಡ್ ಒಳಗೆ ಬಣ್ಣ ವಾಪಸ್ ಬರಬೇಕು. ಒಣಗಿದ, ಇಟ್ಟಿಗೆ ಬಣ್ಣಕ್ಕೆ ತಿರುಗಿದ ಒಸಡು ಕೆಟ್ಟ ಸೂಚನೆ. ಕುತ್ತಿಗೆಯ ದೊಡ್ಡ ರಕ್ತನಾಳವನ್ನು ಬೆರಳಲ್ಲಿ ಅಡ್ಡಗಟ್ಟಿ, ಎಷ್ಟು ಬೇಗ ತುಂಬುತ್ತದೆ ನೋಡಿ. ಭುಜದ ಮುಂಭಾಗದಲ್ಲಿ ಚರ್ಮ ಚಿವುಟಿ ಎತ್ತಿ ಬಿಡಿ. ನಿಧಾನಕ್ಕೆ ಕೂತರೆ ಮೈಯಲ್ಲಿ ನೀರು ಕಮ್ಮಿ. ಒಂದು ಎಚ್ಚರಿಕೆ: ದೇಹದ ತೂಕದ ಸುಮಾರು ಶೇಕಡ 5ರಷ್ಟು ನೀರು ಹೋಗುವವರೆಗೆ ಇದ್ಯಾವುದೂ ಸರಿಯಾಗಿ ಕಾಣುವುದಿಲ್ಲ. 450 ಕೆ.ಜಿ. ಕುದುರೆಗೆ ಅದು 22 ಲೀಟರ್‌ಗಿಂತ ಜಾಸ್ತಿ. ನಿಮಗೆ ಕಂಡಿತು ಎಂದರೆ ಆಗಲೇ ತುಂಬಾ ಹೋಗಿದೆ.

ಬಿಸಿಲಲ್ಲಿ ದುಡಿಯುವ ಕುದುರೆ ಗಂಟೆಗೆ 10 ಲೀಟರ್ ಬೆವರುವುದುಂಟು, ಕೆಲವು ಸಲ ಇನ್ನೂ ಹೆಚ್ಚು. ಕುದುರೆಯ ಬೆವರು ನಮ್ಮ ಬೆವರಿನ ಹಾಗಲ್ಲ. ಅದರಲ್ಲಿ ಉಪ್ಪಿನಂಶ ಬಹಳ. ನೀರಿನ ಜೊತೆ ಉಪ್ಪೂ ಹೋಗಿಬಿಡುವುದರಿಂದ ರಕ್ತ ಗಟ್ಟಿಯಾದ ಸೂಚನೆ ಮೆದುಳಿಗೆ ಸರಿಯಾಗಿ ಸಿಗುವುದಿಲ್ಲ. ಆಗ ಬಾಯಾರಿಕೆಯೇ ಆಗುವುದಿಲ್ಲ. ‘ನೀರು ತೋರಿಸಿದೆ, ಕುಡಿಯಲಿಲ್ಲ, ಬಾಯಾರಿಲ್ಲ ಅನ್ಸುತ್ತೆ’ ಎಂದು ಸವಾರರು ಹೇಳಿದರೆ ಕಿವಿ ನಿಮಿರಲಿ. ಇಪ್ಪತ್ತೈದು ಮೈಲಿ ಓಡಿ ಬಂದ ಕುದುರೆಗೆ ಬಾಯಾರಿಲ್ಲ ಎಂದರೆ ಅದು ಒಳ್ಳೆ ಸುದ್ದಿಯಲ್ಲ. ಇಂಥ ಹೊತ್ತಲ್ಲಿ ಎಲೆಕ್ಟ್ರೊಲೈಟ್ (ಲವಣಗಳ) ಪೇಸ್ಟನ್ನು ಸಿರಿಂಜಿನಲ್ಲಿ ಬಾಯಿಗೆ ಸುರಿಯುವುದು ಸವಾರರ ಅಭ್ಯಾಸ. ನೀರು ಕುಡಿಯದ ಕುದುರೆಗೆ ಅದನ್ನು ಕೊಟ್ಟರೆ ಇದ್ದ ನೀರೂ ಕರುಳಿಗೆ ಎಳೆದುಕೊಳ್ಳುತ್ತದೆ ಎಂದು ತಿಳಿಸಿ ಹೇಳಿ. ಮೊದಲು ನೀರು, ಒದ್ದೆ ಮಾಡಿದ ಹುಲ್ಲು. ಕುಡಿಯಲು ಶುರು ಮಾಡಿದ ಮೇಲೆ ಪೇಸ್ಟ್.

ಹೊಟ್ಟೆಯ ಎರಡೂ ಬದಿ, ಮೇಲೆ ಕೆಳಗೆ, ನಾಲ್ಕು ಕಡೆ ಕರುಳಿನ ಸದ್ದು ಕೇಳಿ. ಓಡುವಾಗ ರಕ್ತ ಸ್ನಾಯುಗಳಿಗೆ ಹೋಗುವುದರಿಂದ ಸದ್ದು ಸ್ವಲ್ಪ ತಗ್ಗುವುದು ಸಹಜ. ಪೂರ್ತಿ ನಿಂತಿದ್ದರೆ ಸಹಜವಲ್ಲ. ಬೆನ್ನಿನ ಉದ್ದಕ್ಕೂ ಬೆರಳು ಒತ್ತಿ. ಜೀನಿನ ಕೆಳಗೆ ಮೈ ಜಗ್ಗುತ್ತದೆಯೇ, ಪಟ್ಟಿಯ ಜಾಗದಲ್ಲಿ ಉಜ್ಜಿದ ಗಾಯ ಇದೆಯೇ ನೋಡಿ. ಹಿಂದೊಡೆಯ ಸ್ನಾಯು ಮೆತ್ತಗಿರಬೇಕು. ಕಲ್ಲಿನ ಹಾಗೆ ಗಟ್ಟಿ ಇದ್ದರೆ ಆ ಕುದುರೆಯನ್ನು ಓಡಿಸಿ ನೋಡಬೇಡಿ, ಅಲ್ಲೇ ನಿಲ್ಲಿಸಿ. ಕೊನೆಗೆ ಬಾಲ ಎತ್ತಿ ಗುದದ ಬಿಗಿ ನೋಡುವುದು. ಸಡಿಲವಾಗಿದ್ದರೆ ಕುದುರೆ ತೀರಾ ದಣಿದಿದೆ.

ಪಕ್ಕೆಯನ್ನು ಗಮನಿಸಿ. ಹೃದಯದ ಒಂದೊಂದು ಬಡಿತಕ್ಕೂ ಪಕ್ಕೆ ಜರ್ಕ್ ಹೊಡೆಯುತ್ತಿದೆಯೇ? ಇದಕ್ಕೆ ‘ಥಂಪ್ಸ್’ ಅನ್ನುತ್ತಾರೆ. ಕ್ಯಾಲ್ಸಿಯಂ ಮುಂತಾದ ಲವಣಗಳು ತಗ್ಗಿದಾಗ ವಪೆಯ (ಎದೆ, ಹೊಟ್ಟೆ ನಡುವಿನ ಉಸಿರಾಟದ ಸ್ನಾಯು) ನರ ಸೂಕ್ಷ್ಮವಾಗಿ, ಪಕ್ಕದಲ್ಲೇ ಬಡಿಯುವ ಹೃದಯದ ತಾಳಕ್ಕೆ ವಪೆಯೂ ಕುಣಿಯಲು ಶುರು ಮಾಡುತ್ತದೆ. ಕುದುರೆ ನೋಡಲು ಚುರುಕಾಗಿಯೇ ಇರಬಹುದು. ಆದರೂ ಅವತ್ತಿನ ಸವಾರಿ ಅಲ್ಲಿಗೆ ಮುಗಿಯಿತು.

ಉಸಿರಿನ ವಿಷಯಕ್ಕೆ ಬಂದರೆ, ಸೆಖೆ ಇದ್ದ ದಿನ ಉಸಿರು ಪಲ್ಸ್‌ಗಿಂತ ಜಾಸ್ತಿ ಆಗುವುದುಂಟು. ಅಷ್ಟಕ್ಕೇ ಕುದುರೆಯನ್ನು ಹೊರಗೆ ಹಾಕಬೇಡಿ. ಥರ್ಮಾಮೀಟರ್ ಇಟ್ಟು ನೋಡಿ. ನೆರಳು, ನೀರು ಎಲ್ಲ ಕೊಟ್ಟ ಮೇಲೂ 40 ಡಿಗ್ರಿ ಮೇಲೇ ನಿಂತಿದ್ದರೆ ಆಗ ಚಿಂತೆ ಮಾಡಬೇಕು. ಬಿಸಿ ಮೈಗೆ ತಣ್ಣೀರು ಹಾಕಿದರೆ ಸ್ನಾಯು ಹಿಡಿದುಕೊಳ್ಳುತ್ತದೆ ಎಂಬ ಹಳೇ ನಂಬಿಕೆ ಇನ್ನೂ ಓಡಾಡುತ್ತಿದೆ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಮೊದಲು ನಡೆದ ಸಂಶೋಧನೆಗಳು ಅದು ಸುಳ್ಳು ಎಂದು ತೋರಿಸಿದವು. ಧಾರಾಳವಾಗಿ, ಬಿಡದೆ, ಇಡೀ ಮೈಗೆ ತಣ್ಣೀರು ಹಾಕಲಿ.

ಇಷ್ಟೆಲ್ಲ ಹೇಳಿದೆ. ಆದರೆ ನಿಮ್ಮ ಸರದಿಗೆ ಬರುವ ಮೊದಲು, ದೂರದಲ್ಲಿ ನಿಂತಿರುವ ಕುದುರೆಯನ್ನು ಓರೆಗಣ್ಣಲ್ಲಿ ನೋಡುತ್ತಿರಿ. ಹುಲ್ಲಿಗೆ ಬಾಯಿ ಹಾಕುತ್ತಿದೆಯಾ? ಪಕ್ಕದ ಕುದುರೆಗೆ ಕಿವಿ ಹಿಂದೆ ಮಾಡಿ ಸಿಟ್ಟು ತೋರಿಸುತ್ತಿದೆಯಾ? ಹಾಗಿದ್ದರೆ ಅರ್ಧ ಪರೀಕ್ಷೆ ಪಾಸ್.

ಓಡಿಸಿ ನೋಡುವುದು

ಚಪ್ಪಟೆಯಾದ, ಗಟ್ಟಿ ನೆಲ ಆರಿಸಿ. ಸುಮಾರು 38 ಮೀಟರ್ ಹೋಗಿ, ತಿರುಗಿ, ಅಷ್ಟೇ ದೂರ ವಾಪಸ್ ಟ್ರಾಟ್, ಅಂದರೆ ನಡಿಗೆಗಿಂತ ಚುರುಕಾದ ಹದ ಓಟ. ಹಗ್ಗ ಸಡಿಲವಾಗಿರಲಿ. ಬಿಗಿ ಹಿಡಿದರೆ ತಲೆ ಅಲ್ಲಾಡುವುದು ಕಾಣುವುದಿಲ್ಲ. ಕೆಲವರು ಗೊತ್ತಿದ್ದೇ ಬಿಗಿ ಹಿಡಿಯುತ್ತಾರೆ, ಇನ್ನೊಮ್ಮೆ ಓಡಿಸಿ ಅನ್ನಿ. ಮುಂಗಾಲು ಕುಂಟಾದರೆ ನೋವಿನ ಕಾಲು ನೆಲ ಮುಟ್ಟುವಾಗ ತಲೆ ಮೇಲೇಳುತ್ತದೆ, ಒಳ್ಳೆ ಕಾಲು ಊರುವಾಗ ತಗ್ಗುತ್ತದೆ. ಹಿಂಗಾಲಾದರೆ ಸೊಂಟದ ಏರಿಳಿತ ಎರಡೂ ಕಡೆ ಒಂದೇ ಸಮ ಇರುವುದಿಲ್ಲ.

ಪ್ರತಿ ಹೆಜ್ಜೆಗೂ ಎದ್ದು ಕಾಣುವ ಕುಂಟು ಇದ್ದರೆ ಕುದುರೆ ಹೊರಗೆ. ಅದರಲ್ಲಿ ಗೊಂದಲ ಇಲ್ಲ. ಕಷ್ಟ ಇರುವುದು ಒಂದು ಹೆಜ್ಜೆ ಕಂಡು ಮುಂದಿನ ಎರಡು ಹೆಜ್ಜೆ ಕಾಣದಂಥ ಕುಂಟಿನಲ್ಲಿ. ಮೊದಲು ಗೊರಸು ಎತ್ತಿ ನೋಡಿ. ಕಲ್ಲು ಸಿಕ್ಕಿಕೊಂಡಿರಬಹುದು, ಲಾಳ ಜರುಗಿರಬಹುದು. ತೆಗೆಸಿ, ಸಮಯ ಇದ್ದರೆ ಮತ್ತೆ ಓಡಿಸಿ. ಆಮೇಲೂ ಅನುಮಾನ ಇದ್ದರೆ ಪಕ್ಕದ ವೆಟ್‌ನ ಕರೆಯಿರಿ, ನೀವು ಕಂಡದ್ದನ್ನು ಮೊದಲೇ ಹೇಳಬೇಡಿ. ಎಫ್‌ಇಐ ಸ್ಪರ್ಧೆಗಳಲ್ಲಿ ಇದೇ ಕಾರಣಕ್ಕೆ ಮೂವರು ವೆಟ್‌ಗಳು ಒಬ್ಬರಿಗೊಬ್ಬರು ಹೇಳದೆ ಮತ ಹಾಕುತ್ತಾರೆ. ಎಷ್ಟು ದೂರ ಉಳಿದಿದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಹತ್ತನೇ ಮೈಲಿಯಲ್ಲಿ ಚೂರು ಕಾಣುವ ಕುಂಟು ನಲವತ್ತನೇ ಮೈಲಿಗೆ ದೊಡ್ಡದಾಗಿರುತ್ತದೆ.

ಇದೇ ಓಟದಿಂದ ಇನ್ನೊಂದು ಕೆಲಸವೂ ಆಗುತ್ತದೆ. ಓಟಕ್ಕೆ ಮೊದಲು ಪಲ್ಸ್ ತೆಗೆದುಕೊಳ್ಳಿ. ಓಟ ಶುರುವಾದ ಕ್ಷಣದಿಂದ ಸರಿಯಾಗಿ ಒಂದು ನಿಮಿಷಕ್ಕೆ ಮತ್ತೆ ತೆಗೆದುಕೊಳ್ಳಿ. ಕಾರ್ಡ್‌ನಲ್ಲಿ ಇದನ್ನು ಸಿಆರ್‌ಐ (ಕಾರ್ಡಿಯಾಕ್ ರಿಕವರಿ ಇಂಡೆಕ್ಸ್) ಎಂದು ಬರೆಯುತ್ತಾರೆ. ಕೆರಿ ರಿಡ್ಜ್‌ವೇ ಎಂಬ ವೆಟ್ ಬಳಕೆಗೆ ತಂದದ್ದರಿಂದ ರಿಡ್ಜ್‌ವೇ ಟ್ರಾಟ್ ಎಂದೂ ಕರೆಯುತ್ತಾರೆ. 60/56 ಬಂದರೆ ಬಹಳ ಒಳ್ಳೆಯದು. 60/60 ಸರಿ. 60/68 ಬಂದರೆ ಒಳಗೆ ಏನೋ ಸರಿಯಿಲ್ಲ, ಉಳಿದ ಪರೀಕ್ಷೆಯನ್ನು ಮತ್ತೊಮ್ಮೆ ನೋಡಿ. ಈ ಒಂದು ಅಂಕಿಯ ಮೇಲೇ ತೀರ್ಪು ಕೊಡಬೇಡಿ. ಪಕ್ಕದಲ್ಲಿ ಹೆಣ್ಣುಕುದುರೆ ಹೋದರೂ ಪಲ್ಸ್ ಏರುತ್ತದೆ.

100 ಮೈಲಿ ರೈಡ್‌ನಲ್ಲಿ ರಾತ್ರಿಯೂ ಓಡಿಸಿ ನೋಡಬೇಕಾಗುತ್ತದೆ. ಆ ದಾರಿಗೆ ಎರಡೂ ಬದಿ ಲೈಟ್ ಹಾಕಿಸಿ. ಹೆಡ್‌ಲ್ಯಾಂಪ್ ಬೆಳಕಲ್ಲಿ ಕುಂಟು ಗೊತ್ತಾಗುವುದಿಲ್ಲ.

ಹೂಂ, ಊಹೂಂ, ಮತ್ತು ನಡುವಿನದ್ದು

ಎಲ್ಲ ಸರಿ ಇದ್ದರೆ ಕಾರ್ಡ್ ಕೊಟ್ಟು ಕಳಿಸಿ. ಆದರೆ ಸುಮ್ನೆ ‘ಓಕೆ’ ಅಂದು ಮುಂದಿನವರನ್ನು ಕರೆಯಬೇಡಿ. ‘ಎಡಗಡೆ ಕರುಳಿನ ಸದ್ದು ಸ್ವಲ್ಪ ಕಮ್ಮಿ, ಚೆನ್ನಾಗಿ ತಿನ್ನಿಸಿ, ಮುಂದಿನ ಹತ್ತು ಮೈಲಿ ನಿಧಾನ ಹೋಗಿ’ ಎಂದು ಒಂದು ಸಾಲು ಹೇಳಿ. ಸವಾರರು ಮುಂದಿನ ಎರಡು ಮೂರು ಗಂಟೆ ಕುದುರೆಯ ಮೇಲೆ ಒಬ್ಬರೇ ಇರುತ್ತಾರೆ. ಏನನ್ನು ಗಮನಿಸಬೇಕು ಎಂದು ಅವರಿಗೆ ಗೊತ್ತಿರಬೇಕು.

ಅನುಮಾನ ಇದ್ದರೆ ಮರುಪರೀಕ್ಷೆ ಇದೆ. ವಿಶ್ರಾಂತಿ ಮುಗಿಸಿ ಹೊರಡುವ ಮೊದಲು ಮತ್ತೆ ತಂದು ತೋರಿಸಿ ಎಂದು ಕಾರ್ಡ್‌ನಲ್ಲೇ ಬರೆಯಿರಿ. ಗೇಟಿನವರಿಗೂ ಹೇಳಿ. ನನ್ನ ಪ್ರಕಾರ ವೆಟ್ ಕೈಯಲ್ಲಿರುವ ಒಳ್ಳೆ ಸಾಧನ ಇದು. ನಲವತ್ತು ನಿಮಿಷ ತಿಂದು, ಕುಡಿದು, ನೆರಳಲ್ಲಿ ನಿಂತ ಮೇಲೆ ಕುದುರೆ ಚೇತರಿಸಿಕೊಂಡಿದೆಯೋ ಇಲ್ಲವೋ ತಾನೇ ಹೇಳುತ್ತದೆ. ಚೇತರಿಸಿಕೊಳ್ಳದಿದ್ದರೆ ಸವಾರರಿಗೂ ಅದು ಕಣ್ಣಿಗೆ ಬಿದ್ದಿರುತ್ತದೆ. ಆಗ ನೀವು ಬೇಡ ಅಂದರೆ ಜಗಳ ಇರುವುದಿಲ್ಲ.

ಬೇಡ ಅನ್ನಲೇಬೇಕಾದಾಗ ಬೇಗ ಹೇಳಿ, ನೇರ ಹೇಳಿ. ಕಾರಣ ತೋರಿಸಿ. ಕುಂಟಾದರೆ ಬೇರೆ ಯಾರಾದರೂ ಓಡಿಸುವಾಗ ಸವಾರರನ್ನು ನಿಮ್ಮ ಪಕ್ಕ ನಿಲ್ಲಿಸಿಕೊಂಡು ತೋರಿಸಿ. ಪಲ್ಸ್ ಆದರೆ ಸ್ಟೆತಾಸ್ಕೋಪ್ ಅವರ ಕಿವಿಗೇ ಕೊಡಿ. ಎಲ್ಲರೆದುರು ದೊಡ್ಡ ಗಂಟಲಲ್ಲಿ ಹೇಳಬೇಡಿ. ಒಂದು ವರ್ಷ ತಯಾರಿ ಮಾಡಿ, ಮೂರು ರಾಜ್ಯ ದಾಟಿ ಟ್ರೈಲರ್ ಎಳೆದುಕೊಂಡು ಬಂದವರು ಅಳುವುದುಂಟು, ರೇಗುವುದುಂಟು. ಕೇಳಿಸಿಕೊಳ್ಳಿ. ಆದರೆ ಚೌಕಾಸಿಗೆ ಇಳಿಯಬೇಡಿ. ಕುದುರೆ ಮುಂದೆ ಹೋಗಬಹುದೋ ಇಲ್ಲವೋ ಎಂಬ ವಿಷಯದಲ್ಲಿ ಕಂಟ್ರೋಲ್ ಜಡ್ಜ್ ಮಾತೇ ಕೊನೆ. ‘ಇನ್ನು ಬರೀ ಐದು ಮೈಲಿ ಡಾಕ್ಟ್ರೇ’ ಎಂಬುದು ಎಲ್ಲ ಚೆಕ್‌ಗಳಲ್ಲೂ ಕೇಳುವ ಮಾತು. ಕುದುರೆಗೆ ಆ ಐದು ಮೈಲಿಯ ಲೆಕ್ಕ ಗೊತ್ತಿಲ್ಲ.

ಕೆಲವು ಸಲ ಸವಾರರೇ ಬಂದು ‘ಇವತ್ತು ಯಾಕೋ ಇವಳು ಸರಿ ಇಲ್ಲ’ ಅನ್ನುತ್ತಾರೆ. ನಿಮಗೆ ಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ. ಅವರನ್ನು ನಂಬಿ. ದಿನಾ ಅದರ ಮೇಲೆ ಕೂರುವವರು ಅವರು. ಹೀಗೆ ತಾವೇ ನಿಲ್ಲಿಸಿದರೆ ಕಾರ್ಡ್‌ನಲ್ಲಿ ‘ರೈಡರ್ ಆಪ್ಷನ್’ ಎಂದು ಬರೆಯುವ ಅವಕಾಶ ಇದೆ. ಆದರೆ ಅದು ಪರೀಕ್ಷೆ ಪಾಸಾದ ಕುದುರೆಗೆ ಮಾತ್ರ. ಕುಂಟುವ ಕುದುರೆಗೆ, ಸವಾರರ ಮುಖ ನೋಡಿ, ರೈಡರ್ ಆಪ್ಷನ್ ಎಂದು ಬರೆಯಬೇಡಿ. ಕುಂಟಿದ್ದರೆ ಕುಂಟು, ನೀರು ಲವಣ ತಗ್ಗಿದಂಥ ಒಳಗಿನ ತೊಂದರೆ ಇದ್ದರೆ ಮೆಟಬಾಲಿಕ್. ಯಾವ ದಾರಿ, ಯಾವ ಹವೆ, ಯಾವ ವೇಗ ಕುದುರೆಗಳನ್ನು ಕೆಡಿಸುತ್ತಿದೆ ಎಂದು ಮುಂದೆ ಲೆಕ್ಕ ಹಾಕುವುದು ಈ ಕಾರ್ಡ್‌ಗಳಿಂದಲೇ.

ಒಂದೊಂದು ಕುದುರೆಯನ್ನು ನಿಲ್ಲಿಸುವುದು ಒಂದು ಕೆಲಸ. ಇಡೀ ರೈಡ್ ನಿಲ್ಲಿಸಿ ಎಂದು ಹೇಳುವ ಹೊತ್ತೂ ಬರಬಹುದು. 2018ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಟ್ರಯಾನ್‌ನಲ್ಲಿ ನಡೆದ ವಿಶ್ವ ಈಕ್ವೆಸ್ಟ್ರಿಯನ್ ಕ್ರೀಡಾಕೂಟದಲ್ಲಿ ಎಂಡ್ಯೂರೆನ್ಸ್ ಸ್ಪರ್ಧೆಯನ್ನು ಸೆಖೆ ಮತ್ತು ತೇವದ ಕಾರಣಕ್ಕೆ ಅರ್ಧದಲ್ಲೇ ರದ್ದು ಮಾಡಿದರು. ಐವತ್ತಕ್ಕೂ ಹೆಚ್ಚು ಕುದುರೆಗಳಿಗೆ ಚಿಕಿತ್ಸೆ ಕೊಡಬೇಕಾಯಿತು. ಒಂದು ಕುದುರೆ ಉಳಿಯಲಿಲ್ಲ. ಮೊದಲ ಚೆಕ್‌ನಲ್ಲೇ ಪಲ್ಸ್‌ಗಳು ಎಂದಿಗಿಂತ ನಿಧಾನ ಇಳಿಯುತ್ತಿದ್ದರೆ ಹೆಡ್ ವೆಟ್‌ಗೆ ಆಗಲೇ ಹೇಳಿ. ವಿಶ್ರಾಂತಿ ಜಾಸ್ತಿ ಮಾಡಬಹುದು, ಪಲ್ಸ್ ಮಟ್ಟ ಇಳಿಸಬಹುದು, ದಾರಿ ಕಡಿತ ಮಾಡಬಹುದು. ಮಧ್ಯಾಹ್ನದವರೆಗೆ ಕಾದರೆ ಈ ಯಾವ ದಾರಿಯೂ ಉಳಿದಿರುವುದಿಲ್ಲ.

ಚಿಕಿತ್ಸೆ ಬೇಕಾದಾಗ

ರಕ್ತನಾಳಕ್ಕೆ ಡ್ರಿಪ್ ಹಾಕಿದರೆ, ಔಷಧಿ ಕೊಟ್ಟರೆ ಆ ಕುದುರೆ ಸ್ಪರ್ಧೆಯಲ್ಲಿ ಉಳಿಯುವುದಿಲ್ಲ. ಗೆರೆ ದಾಟಿದ ಮೇಲೆ ಕೊನೆಯ ಪರೀಕ್ಷೆಗೆ ಮುಂಚೆ ಕೊಟ್ಟರೂ ಅಷ್ಟೇ. ಈ ಭಯಕ್ಕೆ ಕೆಲವರು ಚಿಕಿತ್ಸೆ ಮುಂದೂಡುತ್ತಾರೆ. ‘ಇನ್ನೊಂದು ಅರ್ಧ ಗಂಟೆ ನೋಡೋಣ’ ಅನ್ನುವವರಿಗೆ, ಆ ಅರ್ಧ ಗಂಟೆಯಲ್ಲಿ ಏನು ಕೆಡಬಹುದು ಎಂದು ಮುಲಾಜಿಲ್ಲದೆ ಹೇಳಿ.

ಸ್ನಾಯು ಹಿಡಿದುಕೊಂಡ ಕುದುರೆಯನ್ನು ನಡೆಸಬೇಡಿ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಸ್ನಾಯು ಒಡೆದು ಅದರ ಬಣ್ಣ ಮೂತ್ರಪಿಂಡಕ್ಕೆ ಬರುತ್ತಿದೆ. ಮೊದಲು ನೀರು ತುಂಬಿಸಬೇಕು, ಆಮೇಲೆ ನೋವಿನ ಮದ್ದು. ನೀರಿಲ್ಲದ ಮೈಗೆ ಬ್ಯೂಟ್ ಅಥವಾ ಫ್ಲುನಿಕ್ಸಿನ್ ಕೊಟ್ಟರೆ ಮೂತ್ರಪಿಂಡಕ್ಕೆ ಇನ್ನೊಂದು ಪೆಟ್ಟು. ಮಂಪರು ತರುವ ಏಸ್‌ಪ್ರೊಮಜಿನ್ ಕೂಡ ಬೇಡ, ರಕ್ತದೊತ್ತಡ ಕುಸಿಯುತ್ತದೆ. ಹೊಟ್ಟೆನೋವಿದ್ದರೆ ಮೂಗಿನಿಂದ ನಳಿಕೆ ಹಾಕಿ ಹೊಟ್ಟೆಯಲ್ಲಿ ದ್ರವ ನಿಂತಿದೆಯೇ ನೋಡಿ, ಆಮೇಲಷ್ಟೇ ನಳಿಕೆಯಲ್ಲಿ ಏನಾದರೂ ಕೊಡಿ. ಥಂಪ್ಸ್‌ಗೆ ಕ್ಯಾಲ್ಸಿಯಂ ಕೊಡುವುದಾದರೆ ನಿಧಾನವಾಗಿ, ಹೃದಯ ಕೇಳುತ್ತಾ ಕೊಡಿ. ಐದು ಹತ್ತು ಲೀಟರ್ ಡ್ರಿಪ್ ಕುದುರೆಗೆ ಯಾವ ಮೂಲೆಗೂ ಸಾಲದು. ದೊಡ್ಡ ಚೀಲಗಳನ್ನು ಸಾಕಷ್ಟು ತರಿಸಿಟ್ಟಿರಿ. ಎರಡು ಮೂರು ಗಂಟೆಯಲ್ಲಿ ಸುಧಾರಿಸದಿದ್ದರೆ ದೊಡ್ಡ ಆಸ್ಪತ್ರೆಗೆ ಕಳಿಸಲು ತಡ ಮಾಡಬೇಡಿ.

ಸವಾರರೂ ದಣಿಯುತ್ತಾರೆ

ಕುದುರೆಯ ಕಡೆ ನೋಡುತ್ತಾ ಸವಾರರ ಕಡೆಯೂ ಒಮ್ಮೆ ಕಣ್ಣು ಹಾಯಿಸಿ. ಮಾತು ತೊದಲುತ್ತಿದ್ದರೆ, ಬೆವರು ನಿಂತು ಮುಖ ಕೆಂಪಾಗಿದ್ದರೆ, ಕಾರ್ಡ್ ಎಲ್ಲಿಟ್ಟೆ ಎಂದು ಮೂರು ಸಲ ಹುಡುಕುತ್ತಿದ್ದರೆ ಕೂರಿಸಿ, ವೈದ್ಯಕೀಯ ಸಿಬ್ಬಂದಿಯನ್ನು ಕರೆಯಿರಿ. ಮನುಷ್ಯರಿಗೆ ನೀವು ಡ್ರಿಪ್ ಹಾಕುವಂತಿಲ್ಲ, ಯಾರು ಎಷ್ಟು ಕೇಳಿಕೊಂಡರೂ. ಆದರೆ ಮೊದಲು ಗಮನಿಸುವವರು ಬಹಳ ಸಲ ನೀವೇ ಆಗಿರುತ್ತೀರಿ. ಸುಸ್ತಾದ ಸವಾರ ಜೀನಿನ ಮೇಲೆ ಒಂದು ಕಡೆ ವಾಲಿ ಕೂರುತ್ತಾನೆ, ಕುದುರೆಯ ಬೆನ್ನು ಹಾಳಾಗುತ್ತದೆ.

ಮಕ್ಕಳು ಓಡಿಸುವಾಗ ಜೊತೆಗೆ ದೊಡ್ಡವರೊಬ್ಬರು ಇರಲೇಬೇಕು ಎಂಬ ನಿಯಮ ಇದೆ. ಆ ದೊಡ್ಡವರ ಕುದುರೆಯನ್ನು ನೀವು ನಿಲ್ಲಿಸಿದರೆ ಮಗುವೂ ನಿಂತ ಹಾಗೆಯೇ, ಬೇರೆ ಜೊತೆಗಾರರು ಸಿಕ್ಕದಿದ್ದರೆ. ಆದ್ದರಿಂದ ರೈಡ್ ಮ್ಯಾನೇಜರ್‌ಗೆ ಕೂಡಲೇ ಸುದ್ದಿ ಮುಟ್ಟಿಸಿ. ಮಗುವಿನ ಕುದುರೆಯನ್ನೇ ನಿಲ್ಲಿಸಬೇಕಾದರೆ ಅಪ್ಪ ಅಮ್ಮನ ಜೊತೆ ಮಾತಾಡಿ ಮುಗಿಸಬೇಡಿ, ಮಗುವಿಗೇ ಕಾರಣ ಹೇಳಿ. ಮಕ್ಕಳಿಗೆ ಅರ್ಥ ಆಗುತ್ತದೆ, ದೊಡ್ಡವರಿಗಿಂತ ಬೇಗ.

ಗೆರೆ ದಾಟಿದ ಮೇಲೆ

ಕೊನೆಯ ಪರೀಕ್ಷೆಯನ್ನೂ ಮೊದಲನೆಯದರಷ್ಟೇ ಗಟ್ಟಿಯಾಗಿ ಮಾಡಿ. ಮುಗಿಯಿತಲ್ಲ, ಹೋಗಲಿ ಬಿಡಿ ಎಂಬ ಮಾತು ಬೇಡ. ಮೊದಲು ಮುಗಿಸಿದ ಹತ್ತು ಕುದುರೆಗಳಲ್ಲಿ ಅತ್ಯುತ್ತಮ ಸ್ಥಿತಿಯಲ್ಲಿರುವುದಕ್ಕೆ ‘ಬೆಸ್ಟ್ ಕಂಡಿಷನ್’ ಬಹುಮಾನ ಇರುತ್ತದೆ. ಟೆವಿಸ್‌ನಲ್ಲಿ ಅದು ಹ್ಯಾಗಿನ್ ಕಪ್, 1964ರಿಂದ ಕೊಡುತ್ತಿದ್ದಾರೆ. ಎಷ್ಟೋ ಸವಾರರು ಮೊದಲ ಸ್ಥಾನಕ್ಕಿಂತ ಇದಕ್ಕೇ ಆಸೆಪಡುತ್ತಾರೆ. ಎಇಆರ್‌ಸಿ ಲೆಕ್ಕದಲ್ಲಿ ವೆಟ್ ಕೊಡುವ ಅಂಕಕ್ಕೇ ತೂಕ ಜಾಸ್ತಿ, ವೇಗಕ್ಕೂ ಸವಾರರ ಭಾರಕ್ಕೂ ಅದಕ್ಕಿಂತ ಕಡಿಮೆ. ಅಂಕ ಕೊಟ್ಟ ಮೇಲೆ ಯಾಕೆ ಕಮ್ಮಿ ಬಂತು ಎಂದು ಕೇಳಲು ಬರುತ್ತಾರೆ. ಕೂತು ವಿವರಿಸಿ.

ಕೆಲವು ತೊಂದರೆಗಳು ರಾತ್ರಿ ಬರುತ್ತವೆ. ಹೊಟ್ಟೆನೋವು ಗಂಟೆಗಳ ನಂತರ ಶುರುವಾಗಬಹುದು. ತೀರಾ ದಣಿದ ಕುದುರೆಗೆ ಒಂದೆರಡು ದಿನ ಬಿಟ್ಟು ಗೊರಸಿನ ಒಳಗೆ ಉರಿಯೂತ ಬರಬಹುದು. ಹಾಗಾಗಿ ಎಲ್ಲರಿಗೂ, ಹೊರಗೆ ಹಾಕಿದವರಿಗೂ ಸೇರಿಸಿ, ಹೇಳಿ: ತಿನ್ನುತ್ತಿದೆಯೇ, ಕುಡಿಯುತ್ತಿದೆಯೇ, ಲದ್ದಿ ಹಾಕಿತೇ, ಮೂತ್ರದ ಬಣ್ಣ ಹೇಗಿದೆ ಎಂದು ಮಲಗುವ ಮೊದಲು ನೋಡಿ. ಇದರಲ್ಲಿ ಯಾವುದಾದರೂ ತಪ್ಪಿದರೆ ಎಷ್ಟು ಹೊತ್ತಾದರೂ ನನ್ನನ್ನು ಎಬ್ಬಿಸಿ. ಚಿಕಿತ್ಸೆ ಪಡೆದ ಕುದುರೆಯನ್ನು ಅದೇ ರಾತ್ರಿ ಟ್ರೈಲರ್ ಹತ್ತಿಸಿ ಮನೆಗೆ ಕರೆದೊಯ್ಯಲು ಬಿಡಬೇಡಿ. ಆಸ್ಪತ್ರೆಗೆ ಒಯ್ಯುವುದಾದರೆ ಆ ಮಾತು ಬೇರೆ. ಟ್ರೈಲರ್‌ನಲ್ಲಿ ಸಮತೋಲನ ಮಾಡುತ್ತಾ ನಿಲ್ಲುವುದೂ ಅದಕ್ಕೆ ದುಡಿಮೆಯೇ.

ಬೆಳಗ್ಗೆ ಶಿಬಿರದಲ್ಲಿ ಒಂದು ಸುತ್ತು ಹಾಕಿ. ಚಿಕಿತ್ಸೆ ಪಡೆದವುಗಳ ಪಲ್ಸ್, ಉಷ್ಣಾಂಶ ನೋಡಿ, ಹೊರಡಬಹುದು ಎಂದು ಬಾಯಲ್ಲಿ ಹೇಳಿದ್ದನ್ನೇ ಚೀಟಿಯಲ್ಲೂ ಬರೆದು ಕೊಡಿ. ಯಾವ ಔಷಧಿ, ಎಷ್ಟು, ಎಷ್ಟು ಗಂಟೆಗೆ ಕೊಟ್ಟದ್ದು ಎಂಬುದು ಅದರಲ್ಲಿ ಇರಲಿ, ಊರಿನ ವೆಟ್‌ಗೆ ಬೇಕಾಗುತ್ತದೆ. ರೈಡ್‌ನ ವೆಟ್ ವರದಿಯನ್ನು ಅಲ್ಲೇ ಕೂತು ತುಂಬಿಸಿ, ಮ್ಯಾನೇಜರ್ ಕೈಗೆ ಕೊಟ್ಟು ಹೊರಡಿ. ಆಮೇಲೆ ಮನೆಗೆ ಹೋಗಿ ಬರೆಯೋಣ ಎಂದುಕೊಂಡರೆ ಎರಡು ದಿನದಲ್ಲಿ ಯಾವ ಕಂದು ಕುದುರೆಗೆ ಏನಾಗಿತ್ತು ಎಂದು ನೆನಪಿರುವುದಿಲ್ಲ. ವಾರದೊಳಗೆ ಹೊರಗೆ ಹಾಕಿದವರಿಗೆ ಒಂದು ಫೋನ್ ಮಾಡಿ, ಕುದುರೆ ಹೇಗಿದೆ ಎಂದು ಕೇಳಿ. ಅದನ್ನೂ ವರದಿಗೆ ಸೇರಿಸಲು ಮ್ಯಾನೇಜರ್‌ಗೆ ತಿಳಿಸಿ.